ದಿಂಬು ಮತ್ತು ಐದಡಿ ಗೋಡೆ

ಅವಳು ಬಂದದ್ದು ಸೋಫಾಕ್ಕೆ. ಅವನು ತಿಳಿದದ್ದು ನಾಯಿಗೆ.

ಬೀದಿನಾಯಿಗಳ ಆಶ್ರಯಧಾಮದ ಕಚೇರಿ ಎಂದರೆ ಒಂದೇ ಕೋಣೆ. ಒಂದು ಮೇಜು, ಎರಡು ಕುರ್ಚಿ, ಮೊಳೆಗಳಿಗೆ ಸಾಲಾಗಿ ನೇತುಹಾಕಿದ ಕೊರಳಪಟ್ಟಿಗಳು, ಅವುಗಳ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದ ನಿಯಮಗಳ ಹಲಗೆ. ಕಿಟಕಿಯಾಚೆಯಿಂದ ಬೊಗಳಾಟ ಅಲೆಅಲೆಯಾಗಿ ಬರುತ್ತಿತ್ತು. ಮೇಜಿನ ಹಿಂದೆ ಕೂತಿದ್ದ ಮೇಲ್ವಿಚಾರಕ ತಲೆಯೆತ್ತಿ ನೋಡಿದ. ಬಾಗಿಲಲ್ಲಿ ನಿಂತವಳು ಎತ್ತರ, ತೆಳ್ಳಗೆ. ಕೂದಲನ್ನು ಮೇಲೆತ್ತಿ ಸುತ್ತಿ ಅದಕ್ಕೊಂದು ಪೆನ್ಸಿಲ್ ಸಿಕ್ಕಿಸಿದ್ದಳು. ಕೊರಳಲ್ಲಿ ಅಳತೆಯ ಟೇಪು ಹೂಮಾಲೆಯಂತೆ ಇಳಿಬಿದ್ದಿತ್ತು.

"ಫೋನ್ ಮಾಡಿದ್ರಲ್ಲ, ಅದಕ್ಕೇ ಬಂದೆ," ಎಂದಳು.

"ಕೂತ್ಕೊಳ್ಳಿ. ಕೆಲವು ಪ್ರಶ್ನೆ ಕೇಳಬೇಕು. ಬೇಜಾರು ಮಾಡ್ಕೋಬೇಡಿ, ಎಲ್ಲರನ್ನೂ ಕೇಳ್ತೀವಿ."

ಒಂದು ಹರಿದ ಸೋಫಾಕ್ಕೆ ಇಷ್ಟೊಂದು ಶಿಸ್ತೇ ಎಂದು ಅವಳಿಗೆ ಆಶ್ಚರ್ಯವಾಯಿತು. ಆದರೂ ಕೂತಳು.

"ಎಷ್ಟು ದಿನ ಇಟ್ಕೋತೀರ?"

"ಒಂದು ವಾರ. ತುಂಬ ಹಾಳಾಗಿದ್ರೆ ಹತ್ತು ದಿನ."

ಅವನ ಪೆನ್ನು ನಿಂತಿತು. "ಆಮೇಲೆ?"

"ಆಮೇಲೇನು, ವಾಪಸ್ ತಂದುಬಿಡ್ತೀನಿ."

"ರಾತ್ರಿ ಎಲ್ಲಿ ಮಲಗಿಸ್ತೀರ?"

"ಮಲಗಿಸೋದಿಲ್ಲ. ತಲೆಕೆಳಗೆ ಮಾಡಿ ನಿಲ್ಲಿಸ್ತೀನಿ. ನಾಲ್ಕೂ ಕಾಲು ಬಿಚ್ಚಿ ಪಕ್ಕಕ್ಕಿಟ್ರೆ ಕೆಲಸ ಸಲೀಸು."

ಅವನ ಮುಖ ಬಿಳಿಚಿಕೊಂಡಿತು. ಪಾಪ, ಇವನಿಗೆ ತನ್ನ ಸೋಫಾ ಎಂದರೆ ಪ್ರಾಣವಿರಬೇಕು ಎಂದುಕೊಂಡು ಅವಳು ಸಮಾಧಾನದ ದನಿಯಲ್ಲಿ ಮುಂದುವರಿಸಿದಳು. "ಹೆದರ್ಬೇಡಿ. ನಮ್ಮಪ್ಪನ ಕಾಲದಿಂದ ಇದೇ ಕೆಲಸ. ಮೊದಲು ಹೊಟ್ಟೆ ಸೀಳಿ ಒಳಗಿರೋದೆಲ್ಲ ತೆಗೀತೀನಿ. ಆಮೇಲೆ ಹೊಸ ಚರ್ಮ ಹಾಕ್ತೀನಿ. ಯಾವ ಬಣ್ಣ ಬೇಕು ಅಂತ ಮಾತ್ರ ಹೇಳಿ."

ಅವನು ಎದ್ದು ನಿಂತೇಬಿಟ್ಟಿದ್ದ. ಅಷ್ಟರಲ್ಲಿ ಒಳಬಾಗಿಲಿನಿಂದ ನಗು ಕೇಳಿಸಿತು. ಬಿಳಿ ಕೋಟು ತೊಟ್ಟ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತ, ಬಾಗಿಲಿನ ಚೌಕಟ್ಟಿಗೆ ಆತುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಆಕೆ ಅಲ್ಲಿನ ಪ್ರಾಣಿವೈದ್ಯೆ, ಮೇಲ್ವಿಚಾರಕನ ಸ್ವಂತ ಅಕ್ಕ.

"ಮರೀ, ಅವರು ನಾಯಿ ಕೇಳೋಕೆ ಬಂದಿಲ್ಲ ಕಣೋ. ಸೋಫಾ ರಿಪೇರಿಗೆ ನಾನೇ ಕರೆಸಿದ್ದು."

ಅವನ ಕಿವಿ ತುದಿಯಿಂದ ಶುರುವಾಗಿ ಕೊರಳವರೆಗೆ ಕೆಂಪೇರಿದ್ದನ್ನು ಅವಳು ಬಿಡದೆ ನೋಡಿದಳು. ಆಮೇಲೆ ಅವನೂ ನಕ್ಕ. ಬಹಳ ದಿನ ತೆಗೆಯದ ಬಾಗಿಲು ಮೊದಲು ಕಿರುಗುಟ್ಟಿ, ಆಮೇಲೆ ಒಮ್ಮೆಲೇ ಪೂರ್ತಿ ತೆರೆದುಕೊಳ್ಳುತ್ತದಲ್ಲ, ಆ ಥರದ ನಗು.

ಅವಳನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಮೈಕಟ್ಟಿಗೂ ಒಪ್ಪುತ್ತಿತ್ತು, ನಾಲಿಗೆಗೂ. ಊರಿನ ಅರ್ಧದಷ್ಟು ಸೋಫಾ, ಕುರ್ಚಿಗಳ ಹೊಟ್ಟೆಯೊಳಗೆ ಏನೇನಿದೆ ಎಂಬುದು ಅವಳಿಗೂ ಅವಳ ಅಪ್ಪನಿಗೂ ಗೊತ್ತಿತ್ತು.

ಸಂದರ್ಶಕರ ಕೋಣೆಯಲ್ಲಿದ್ದ ಸೋಫಾದ ಒಂದು ಕೈ ಪೂರ್ತಿ ಕಿತ್ತುಹೋಗಿತ್ತು, ಸ್ಪ್ರಿಂಗು ಹೊರಗೆ ಇಣುಕುತ್ತಿತ್ತು. ಉಳಿದ ಭಾಗದ ಮೇಲೆ ಒಂದು ನಾಯಿ ಮಲಗಿತ್ತು. ಹಳೇ ಚಾಪೆಯ ಬಣ್ಣ, ದುಂಡು ಮೈ, ನಾಲ್ಕೂ ಕಾಲನ್ನು ಹೊಟ್ಟೆಯಡಿ ಮಡಚಿಕೊಂಡಿದ್ದರಿಂದ ಯಾರೋ ಮರೆತುಹೋದ ದಿಂಬಿನ ಹಾಗೆ ಕಾಣುತ್ತಿತ್ತು. ಸೂಜಿ ಅಳತೆ ತೆಗೆಯಲು ಮಂಡಿಯೂರಿದಳು. ನಾಯಿ ಕಣ್ಣು ತೆರೆದು ಅವಳನ್ನು ಒಮ್ಮೆ ಅಳೆದು, ಗದ್ದವನ್ನು ಅವಳ ಮಣಿಕಟ್ಟಿನ ಮೇಲಿಟ್ಟು ಮತ್ತೆ ಕಣ್ಣು ಮುಚ್ಚಿತು. ಆ ಭಾರ, ಆ ಬಿಸುಪು, ಆ ನಂಬಿಕೆ. ಅವಳು ಕೈ ಎಳೆದುಕೊಳ್ಳಲಿಲ್ಲ. ಕಾಲು ಜೋಮು ಹಿಡಿದರೂ ಹಾಗೇ ಕೂತಿದ್ದಳು.

"ದಿಂಬು," ಎಂದಳು ಮೆಲ್ಲಗೆ.

"ಹೆಸರಿಡಬೇಡಿ," ಎಂದ ಅವನು ಹಿಂದಿನಿಂದ. "ಹೆಸರಿಟ್ರೆ ಬಿಟ್ಟುಹೋಗೋದು ಕಷ್ಟ."

"ಬಿಟ್ಟುಹೋಗ್ತೀನಿ ಅಂತ ಯಾರು ಹೇಳಿದ್ರು?"

ಹೀಗೆ ಸೋಫಾಕ್ಕೆಂದು ಬಂದವಳು ಅರ್ಧ ಗಂಟೆಯಲ್ಲೇ ಮತ್ತೆ ಮೇಜಿನ ಮುಂದೆ ಕೂತಳು, ಈ ಸಲ ನಿಜವಾಗಿಯೂ ನಾಯಿಗಾಗಿ. ಈ ಸಲ ಉತ್ತರಗಳೂ ನಿಜವಾದವು, ಒಂದೂ ಹೊಂದಲಿಲ್ಲ. ಸ್ವಂತ ಮನೆ ಇರಬೇಕು, ಅವಳದು ಬಾಡಿಗೆಯದು. ಅಂಗಳ ಇರಬೇಕು, ಅಂಗಳಕ್ಕೆ ಐದಡಿ ಗೋಡೆ ಇರಬೇಕು. ಅವಳ ಅಂಗಡಿಯ ಬಾಗಿಲು ನೇರ ರಸ್ತೆಗೆ ತೆರೆಯುತ್ತಿತ್ತು, ಮೇಲಿನ ಎರಡು ಕೋಣೆಯಲ್ಲಿ ಅಪ್ಪ ಮಗಳು ಇಬ್ಬರೇ ಇದ್ದರು. ಮನೆಯಲ್ಲಿ ಚೂಪಾದ ಸಾಮಾನು ನಾಯಿಗೆ ಎಟುಕುವಂತಿರಬಾರದು. ಇದನ್ನು ಕೇಳಿ ಸೂಜಿಗೆ ನಗು ಬಂತು. ಅವಳ ಬದುಕೇ ಚೂಪಾದ ಸಾಮಾನುಗಳದ್ದು.

ಅವನು ಕಾಗದವನ್ನು ನಿಧಾನವಾಗಿ ಮಡಚಿದ. "ಕ್ಷಮಿಸಿ. ಆಗಲ್ಲ."

"ಇಡೀ ದಿನ ನನ್ನ ಪಕ್ಕದಲ್ಲೇ ಇರುತ್ತೆ. ಯಾವ ಗೋಡೆ ಅಷ್ಟು ಹತ್ತಿರ ಇರುತ್ತೆ?"

ನಿಯಮಕ್ಕೊಂದು ಕಾರಣವಿತ್ತು, ಅದನ್ನು ಹೇಳಿದ. ಆ ನಾಯಿಯನ್ನು ಈಗಾಗಲೇ ಎರಡು ಮನೆಯವರು ಒಯ್ದು ಎರಡೂ ಸಲ ತಂದು ಬಿಟ್ಟಿದ್ದರು. ಮೊದಲನೆಯವರು ಬೊಗಳುತ್ತದೆ ಎಂದರು, ಎರಡನೆಯವರು ಮನೆ ಬದಲಾಯಿಸುತ್ತಿದ್ದೇವೆ ಎಂದರು. ತಂದು ಬಿಟ್ಟವರು ಗೇಟು ದಾಟಿ ಹೋದಮೇಲೂ ಅದು ಎರಡು ದಿನ ಗೇಟಿನ ಕಡೆಗೇ ಮುಖ ಮಾಡಿ ಕೂತಿತ್ತಂತೆ. "ಗೇಟಿನ ಹತ್ರ ಕೂತ ನಾಯೀನ ಒಳಗೆ ಕರ್ಕೊಂಡು ಬರೋ ಕೆಲಸ ನಂದು," ಎಂದ. ಆ ಮಾತಿನಲ್ಲಿ ಗದರಿಕೆ ಇರಲಿಲ್ಲ. ಸೂಜಿ ಮತ್ತೆ ವಾದಿಸದೆ ಸೋಫಾವನ್ನು ಗಾಡಿಗೆ ಹೇರಿಕೊಂಡು ಹೋದಳು.

ಅವಳು ಸೋತಳೆಂದು ಅವನು ತಿಳಿದಿದ್ದರೆ, ಅದು ಅವನ ಎರಡನೇ ತಪ್ಪು ತಿಳಿವಳಿಕೆ.

ಭಾನುವಾರ ಬೆಳಿಗ್ಗೆ ಸ್ವಯಂಸೇವಕರು ನಾಯಿಗಳನ್ನು ವಾಕಿಂಗ್ ಕರೆದೊಯ್ಯಬಹುದಿತ್ತು. ಅದಕ್ಕೆ ಸ್ವಂತ ಮನೆ ಬೇಡ, ಗೋಡೆ ಬೇಡ, ಗಟ್ಟಿ ಚಪ್ಪಲಿ ಇದ್ದರೆ ಸಾಕು. ಮುಂದಿನ ಭಾನುವಾರ ಸೂಜಿ ಗೇಟಿನ ಮುಂದೆ ನಿಂತಿದ್ದಳು. ಅವನು ಅವಳ ಚಪ್ಪಲಿ ನೋಡಿದ, ಮುಖ ನೋಡಿದ, ಮತ್ತೆ ಚಪ್ಪಲಿ ನೋಡಿದ. ಬೇರೆ ದಾರಿ ಕಾಣದೆ ದಿಂಬುವಿನ ಹಗ್ಗವನ್ನು ಅವಳ ಕೈಗೆ ಕೊಟ್ಟ. ಹೊಸ ಸ್ವಯಂಸೇವಕರ ಜೊತೆ ಮೊದಲ ದಿನ ಸಿಬ್ಬಂದಿಯೊಬ್ಬರು ಹೋಗಬೇಕೆಂಬ ನಿಯಮವೂ ಇತ್ತು. ಅವನೇ ಹೊರಟ.

ಎರಡನೇ ಭಾನುವಾರಕ್ಕೆ ಅಂಥ ನಿಯಮವೇನೂ ಇರಲಿಲ್ಲ. ಆದರೂ ಹೊರಟ.

ಆಶ್ರಯಧಾಮದ ಹಿಂದೆ ಕಾಲುವೆಯ ದಂಡೆ ಉದ್ದಕ್ಕೆ ಹೋಗಿತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಬೇಲಿಯ ಹೂ. ಮಧ್ಯದಲ್ಲಿ ದಿಂಬು ಮದುವೆಮನೆಯ ಹಿರಿಯನ ಹಾಗೆ ಗಂಭೀರವಾಗಿ ನಡೆಯುತ್ತಿತ್ತು. ಅವರಿಬ್ಬರೂ ಅದರ ಅಕ್ಕಪಕ್ಕದಲ್ಲಿ ಜಗಳವಾಡುತ್ತ ಹೋಗುತ್ತಿದ್ದರು. ವಾರಕ್ಕೊಂದು ನಿಯಮವನ್ನು ಅವಳು ಆರಿಸಿಕೊಳ್ಳುತ್ತಿದ್ದಳು. ಬಾಡಿಗೆ ಮನೆಯವರಿಗೆ ಮಕ್ಕಳಾಗಬಹುದಂತೆ, ನಾಯಿ ಮಾತ್ರ ಇರಬಾರದೇ ಎಂದು ಒಂದು ವಾರ. ಗೋಡೆ ಇದ್ದವರು ನಾಯಿಯನ್ನು ಗೋಡೆಗೆ ಬಿಟ್ಟು ಒಳಗೆ ಟೀವಿ ನೋಡುತ್ತಾರಲ್ಲ ಎಂದು ಇನ್ನೊಂದು ವಾರ. ಅವನು ತಾಳ್ಮೆಯಿಂದ ಒಂದೊಂದಕ್ಕೂ ತನ್ನ ಕಡೆಯ ಕಥೆ ಹೇಳುತ್ತಿದ್ದ: ಬಾಡಿಗೆ ಮನೆಯ ಮಾಲೀಕ ಹೊರಗೆ ಹಾಕಿಸಿದ ಕುರುಡು ನಾಯಿಯದ್ದು, ಗೋಡೆಯಿಲ್ಲದ ಮನೆಯಿಂದ ಪಟಾಕಿ ಸದ್ದಿಗೆ ಓಡಿಹೋಗಿ ಸಿಗದೇ ಹೋದ ಮರಿಯದ್ದು. ಸೂಜಿ ಅಂಥ ಹೊತ್ತಿನಲ್ಲಿ ದಿಂಬುವಿನ ಕಿವಿ ಸವರುತ್ತಿದ್ದಳು. ಅವನ ದನಿ ಎಲ್ಲಿ ತಗ್ಗುತ್ತದೆ, ಎಲ್ಲಿ ತಡೆಯುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗತೊಡಗಿತು.

ಜಗಳದ ನಡುವೆ ಬೇರೆ ಸಂಗತಿಗಳೂ ನುಸುಳಿದವು. ಅವನಿಗೆ ಶೀಟಿ ಹೊಡೆಯಲು ಬರುವುದಿಲ್ಲ. ಅವಳಿಗೆ ಈಜು ಬರುವುದಿಲ್ಲ. ಅವನು ಜೇಬಿನಲ್ಲಿ ನಾಯಿಗೆಂದು ಬಿಸ್ಕತ್ತು ಇಟ್ಟುಕೊಂಡು ಅರ್ಧ ತಾನೇ ತಿನ್ನುತ್ತಾನೆ. ಅವಳು ನಗುವಾಗ ಬಾಯಿಗೆ ಅಡ್ಡ ಹಿಡಿಯುವ ಕೈಯ ಹೆಬ್ಬೆರಳ ಮೇಲೆ ಹೊಲಿಗೆಯ ಸೂಜಿ ಚುಚ್ಚಿದ ಚುಕ್ಕೆಗಳಿವೆ, ಅವು ನಕ್ಷತ್ರದ ಗುಂಪಿನ ಹಾಗೆ ಕಾಣುತ್ತವೆ. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಅವನು ನೋಡುತ್ತಿದ್ದುದನ್ನು ಅವಳು ನೋಡಿದಳು. ಕೈ ಕೆಳಗಿಳಿಸಿ ಹಿಂದಕ್ಕೆ ಕಟ್ಟಿಕೊಂಡಳು, ಸ್ವಲ್ಪ ದೂರ ಹೋದಮೇಲೆ ಬೇಕೆಂದೇ ಮತ್ತೆ ಮುಂದಕ್ಕೆ ತಂದಳು.

ಮನೆಯಲ್ಲಿ ಅಪ್ಪ ಅವನಿಗೊಂದು ಹೆಸರಿಟ್ಟ: ರೂಲ್ಸಪ್ಪ. "ಈ ವಾರ ರೂಲ್ಸಪ್ಪ ಏನಂದ?" ಎಂದು ಮೊಳೆ ಹೊಡೆಯುತ್ತಲೇ ಕೇಳುತ್ತಿದ್ದ. ಸೂಜಿ ದಿಂಬುವಿನ ಬಗ್ಗೆ ಹೇಳಲು ಶುರುಮಾಡಿ ರೂಲ್ಸಪ್ಪನ ಬಗ್ಗೆ ಮುಗಿಸುತ್ತಿದ್ದಳು. ಇದು ಅವಳಿಗೆ ತಿಳಿಯುವ ಮುಂಚೆ ಅಪ್ಪನಿಗೆ ತಿಳಿಯಿತು.

ಕೊನೆಗೆ ಅಕ್ಕನೇ ತಮ್ಮನನ್ನು ಅಟ್ಟಿದಳು. ಬೇಡ ಅನ್ನುವುದಾದರೂ ಒಮ್ಮೆ ಮನೆ ನೋಡಿ ಬೇಡ ಅನ್ನು, ನೋಡದೆ ಅನ್ನುವುದು ಯಾವ ನ್ಯಾಯ ಎಂದಳಂತೆ.

ಅವನು ಅಂಗಡಿಗೆ ಬಂದಾಗ ಅಪ್ಪನ ಬಾಯಿ ತುಂಬ ಮೊಳೆಗಳಿದ್ದವು. ತುಟಿಯಂಚಿನಿಂದ ಒಂದೊಂದೇ ಮೊಳೆಯನ್ನು ಸುತ್ತಿಗೆಯ ಅಯಸ್ಕಾಂತದ ತುದಿಗೆ ಅಂಟಿಸಿಕೊಂಡು ಹೊಡೆಯುತ್ತ, ಕಣ್ಣಲ್ಲೇ ಕೂರಲು ಹೇಳಿದ. ಅಂಗಡಿ ತುಂಬ ಸ್ಪಂಜಿನ ಹಾಳೆಗಳು, ನಾರಿನ ಕಂತೆಗಳು, ಬೆನ್ನಿಲ್ಲದ ಕುರ್ಚಿಗಳು. ಎತ್ತರದ ಕಪಾಟಿನಲ್ಲಿ ಕತ್ತರಿಗಳು, ಬಾಗಿದ ಸೂಜಿಗಳು. ನೆಲ ಮಾತ್ರ ಕನ್ನಡಿ. ಹಿಂದಿನ ದಿನವೆಲ್ಲ ಸೂಜಿ ದೊಡ್ಡ ಅಯಸ್ಕಾಂತವೊಂದಕ್ಕೆ ದಾರ ಕಟ್ಟಿ, ಕರುವನ್ನು ಮೇಯಿಸುವ ಹಾಗೆ ಮೂಲೆಮೂಲೆಗೂ ಎಳೆದಾಡಿದ್ದಳು.

ಅವನು ರಿಪೇರಿಯಾಗಿ ನಿಂತಿದ್ದ ಒಂದು ಸೋಫಾದ ಮೇಲೆ ಕೂತ. ಅಪ್ಪ ಸುತ್ತಿಗೆ ನಿಲ್ಲಿಸಿ ಕಿವಿಗೊಟ್ಟ. ಜನರನ್ನು ಅವರು ಸೋಫಾದ ಮೇಲೆ ಕೂರುವ ಸದ್ದಿನಿಂದ ಅಳೆಯಬಹುದೆಂಬುದು ಅವನ ಬಹುಕಾಲದ ನಂಬಿಕೆ. ದೊಪ್ಪನೆ ಬೀಳುವವರು ಸಾಲ ತೀರಿಸುವುದಿಲ್ಲ, ತುದಿಯಲ್ಲಿ ಕೂರುವವರು ನಿಜ ಹೇಳುವುದಿಲ್ಲ. ಇವನು ಸದ್ದಿಲ್ಲದೆ, ಪೂರ್ತಿ ಕೂತಿದ್ದ.

ಪ್ರಶ್ನೆ ಕೇಳಲು ಬಂದವನನ್ನೇ ಅಪ್ಪ ಪ್ರಶ್ನೆ ಕೇಳಿದ. ಸ್ವಂತ ಮನೆಯೋ ಬಾಡಿಗೆಯೋ? ಬಾಡಿಗೆ. ಅಂಗಳವಿದೆಯೋ? ಇಲ್ಲ, ಮೂರನೇ ಮಹಡಿ. ಮನೆಯಲ್ಲಿ ಹಗಲು ಯಾರಿರುತ್ತಾರೆ? ಯಾರೂ ಇಲ್ಲ, ಒಬ್ಬನೇ. ಹಾಗಾದರೆ ನಿನಗೂ ನಾಯಿ ಸಿಗುವುದಿಲ್ಲ ಅನ್ನು, ಎಂದ ಅಪ್ಪ. ಸಿಗುವುದಿಲ್ಲ ಎಂದು ಅವನು ಒಪ್ಪಿಕೊಂಡ. ಒಲೆಯ ಬಳಿ ಟೀ ಸೋಸುತ್ತಿದ್ದ ಸೂಜಿ ನಗು ತಡೆಯಲು ತುಟಿ ಕಚ್ಚಿದಳು.

"ಮದುವೆ?" ಅಪ್ಪ ಹಗುರವಾಗಿ ಕೇಳಿದ.

"ನಿಶ್ಚಯ ಆಗಿತ್ತು. ಅವರು ಮನಸ್ಸು ಬದಲಾಯಿಸಿದ್ರು." ಅವನು ಅಂಗೈ ನೋಡಿಕೊಂಡು ಮುಗುಳ್ನಕ್ಕ. "ಒಯ್ದು ವಾಪಸ್ ತಂದು ಬಿಟ್ಟೋಗ್ತಾರಲ್ಲ, ಹಾಗೆ."

ಸೂಜಿ ಅವನ ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು. ಆ ಟೀ ಕುಡಿಯುವಾಗ ಅವನ ಹುಬ್ಬು ಮೇಲೇರಿತು, ಆದರೂ ಕೊನೆಯ ಗುಟುಕಿನವರೆಗೆ ಕುಡಿದ. ಹೊರಡುವಾಗ ಬಾಗಿಲಲ್ಲಿ ನಿಂತು, ಭಾನುವಾರದವರೆಗೆ ಯೋಚಿಸಲು ಸಮಯ ಕೊಡಿ ಎಂದ. ಅವಳಿಗೆ ಅಷ್ಟೇ ಸಾಕಿತ್ತು. ಉಳಿದ ಚರ್ಮದ ತುಂಡಿನಲ್ಲಿ, ಎರಡೆಳೆ ದಾರ ಹಾಕಿ, ದಿಂಬುವಿಗೆ ಒಂದು ಕೊರಳಪಟ್ಟಿ ಹೊಲಿದಳು. ಒಳಗೆ ಮೆತ್ತಗಿರಲೆಂದು ಬಟ್ಟೆಯ ಪದರವನ್ನೂ ಇಟ್ಟಳು.

ಭಾನುವಾರ ದಿಂಬು ಅಲ್ಲಿರಲಿಲ್ಲ.

ಅವನು ಗೇಟಿನ ಬಳಿಯೇ ಕಾಯುತ್ತಿದ್ದ. ಅವನ ಮುಖ ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು. ಹಿಂದಿನ ದಿನ ಒಂದು ಕುಟುಂಬ ಬಂದಿತ್ತಂತೆ. ಅವಳಿಗಿಂತ ಎಷ್ಟೋ ಮುಂಚೆ ಹೆಸರು ಬರೆಸಿದವರು. ಸ್ವಂತ ಮನೆ, ದೊಡ್ಡ ಅಂಗಳ, ಹಗಲೆಲ್ಲ ಮನೆಯಲ್ಲಿರುವ ಅಜ್ಜಿ. ಗೋಡೆಯನ್ನು ಅವನೇ ಹೋಗಿ ಅಳೆದು ಬಂದಿದ್ದ. ಬೇಡ ಅನ್ನಲು ಒಂದೇ ಒಂದು ಕಾರಣವಿರಲಿಲ್ಲ.

"ಹಾಗಾದ್ರೆ ನಿಮ್ಮ ರೂಲ್ಸ್ ಪ್ರಕಾರ ಸರಿಯಾಗೇ ಇದೆ," ಎಂದಳು.

"ಹೌದು."

"ನಿಮ್ಮ ಪ್ರಕಾರ?"

ಅವನು ಗೇಟಿನ ಅಗುಳಿಯನ್ನು ಎಳೆದು ಮತ್ತೆ ಹಾಕಿದ. ಅವಳು ಕೊರಳಪಟ್ಟಿಯನ್ನು ಅವನ ಕೈಗಿಟ್ಟು, ಅದರ ಕೊರಳಿಗೆ ಹಾಕಿಸಿ ಎಂದಷ್ಟೇ ಹೇಳಿ, ಬಂದ ದಾರಿಯಲ್ಲೇ ಹೊರಟುಹೋದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೆ ಎಷ್ಟೋ ಭಾನುವಾರಗಳು ಕಾಲುವೆಯ ದಂಡೆಯಲ್ಲಿ ಬೇರೆಯವರು ನಡೆದರು. ಅಂಗಡಿಯಲ್ಲಿ ಸೂಜಿ ಒಂದು ಮೊಳೆ ಸಾಕಾಗುವಲ್ಲಿ ಮೂರು ಹೊಡೆಯುತ್ತಿದ್ದಳು. ಅಪ್ಪ ಸುಮ್ಮನಿದ್ದು ನೋಡಿ, ಕೊನೆಗೊಂದು ದಿನ, ನಿನಗೆ ಕೋಪ ಬಂದಿರುವುದು ನಾಯಿ ಹೋಯಿತೆಂದೋ ಅಥವಾ ಅವನು ಬರಲಿಲ್ಲವೆಂದೋ ಎಂದು ಕೇಳಿದ. ಅವಳು ಸುತ್ತಿಗೆಯನ್ನು ತನ್ನ ಹೆಬ್ಬೆರಳ ಮೇಲೆ ಇಳಿಸಿಕೊಂಡಳು. ಅಪ್ಪ ಮತ್ತೆ ಕೇಳಲಿಲ್ಲ, ಉತ್ತರ ಸಿಕ್ಕಿತ್ತು.

ಅತ್ತ ಆಶ್ರಯಧಾಮದಲ್ಲಿ ಅವನು ಸೂಜಿ ರಿಪೇರಿ ಮಾಡಿ ಕಳಿಸಿದ್ದ ಸೋಫಾದ ಮೇಲೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ಅಕ್ಕ ಇದನ್ನೂ ಕೆಲವು ದಿನ ಸಹಿಸಿದಳು. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು ನೇರವಾಗಿ ಹೇಳಿಬಿಟ್ಟಳು.

"ವಾಪಸ್ ತಂದು ಬಿಡೋರಿಗೆ ಹೆದರಿ ಹೆದರಿ ನೀನು ಬರೋರನ್ನೂ ಒಳಗೆ ಬಿಡ್ತಿಲ್ಲ. ನಾಯಿಗಳ ವಿಷಯ ಮಾತ್ರ ಹೇಳ್ತಿಲ್ಲ ನಾನು."

ಅವನು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದು ನೇರ ಅಂಗಡಿಗೆ ಬಂದ.

ಕೊಟ್ಟ ನಾಯಿಯನ್ನು ತಿಂಗಳ ಮೇಲೆ ಹೋಗಿ ನೋಡಿಬರುವ ಪದ್ಧತಿಯಿತ್ತು. ಇವತ್ತು ಅಲ್ಲಿಗೇ ಹೋಗುತ್ತಿದ್ದೇನೆ, ನೀವೂ ಬರುತ್ತೀರಾ ಎಂದು ಕೇಳಿದ. "ನಾನು ಹೇಳಿದ್ರೆ ನೀವು ನಂಬಲ್ಲ. ನೀವೇ ನೋಡಿ." ಸೂಜಿ ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಎದ್ದಳು. ತಪ್ಪು ಹುಡುಕಲೆಂದೇ ಹೊರಟಳು ಎಂದರೂ ಸರಿ. ಒಂದು ಸರಪಳಿ, ಒಂದು ಒಣಗಿದ ನೀರಿನ ಬಟ್ಟಲು, ಏನಾದರೊಂದು ಕಂಡರೆ ಸಾಕು, ಆ ಕ್ಷಣವೇ ದಿಂಬುವನ್ನು ಹೆಗಲ ಮೇಲೆ ಹೊತ್ತು ತರುವವಳಿದ್ದಳು.

ಗೋಡೆ ನಿಜಕ್ಕೂ ಐದಡಿ ಇತ್ತು. ಗೇಟು ತೆರೆದರೆ ಅಂಗಳದ ತುಂಬ ಎಳೆಬಿಸಿಲು. ಬೆತ್ತದ ಕುರ್ಚಿಯಲ್ಲಿ ಅಜ್ಜಿ ಕೂತಿದ್ದಳು, ಅವಳ ಎರಡೂ ಪಾದಗಳ ಮೇಲೆ ದಿಂಬು ಮಲಗಿತ್ತು. ಅದರ ಕೊರಳಲ್ಲಿ ಸೂಜಿ ಹೊಲಿದ ಪಟ್ಟಿಯಿತ್ತು. ಅವಳನ್ನು ಕಂಡ ಕೂಡಲೇ ಅದು ಎದ್ದು ಓಡಿಬಂತು, ಮೈಯೆಲ್ಲ ಬಾಲವಾಗಿ ಅವಳ ಸುತ್ತ ಸುತ್ತಿತು, ಮಣಿಕಟ್ಟನ್ನು ನೆಕ್ಕಿತು. ಸೂಜಿ ಮಂಡಿಯೂರಿ ಅದರ ಕಿವಿ ಸವರಿದಳು.

"ರಾಜಕುಮಾರಾ," ಎಂದು ಅಜ್ಜಿ ಕರೆದಳು.

ದಿಂಬು ತಿರುಗಿ ನೋಡಿತು. ಸೂಜಿಯನ್ನು ಇನ್ನೊಮ್ಮೆ ಮೂಸಿ, ಓಡಿಹೋಗಿ, ತನ್ನ ಜಾಗದಲ್ಲಿ, ಆ ಮುದಿ ಪಾದಗಳ ಮೇಲೆ, ಉಸ್ಸೆಂದು ಮಲಗಿಕೊಂಡಿತು.

ಇದು ಬಂದಮೇಲೆ ನನ್ನ ಕಾಲು ಬೆಚ್ಚಗಿವೆ ತಾಯಿ, ಎಂದಳು ಅಜ್ಜಿ. ರಾತ್ರಿ ಎಷ್ಟು ಸಲ ಏಳುತ್ತದೆ, ಯಾವ ಮೊಮ್ಮಗನ ಜೊತೆ ಮುನಿಸಿಕೊಂಡಿದೆ, ಎಲ್ಲ ವರದಿ ಒಪ್ಪಿಸಿದಳು. ಆಮೇಲೆ ಇಬ್ಬರನ್ನೂ ಕಣ್ಣು ಕಿರಿದು ಮಾಡಿ ನೋಡಿ, ನೀವು ಗಂಡ ಹೆಂಡತಿಯೇ ಎಂದು ಕೇಳಿದಳು. ಸೂಜಿ ಅಲ್ಲ ಎಂದಳು. ಅವನು ಅಲ್ಲ ಎನ್ನುವುದು ತುಸು ತಡವಾಯಿತು.

ರಸ್ತೆಗೆ ಬಂದ ಮೇಲೆ ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಎರಡನ್ನೂ ಒಂದೇ ಸೆರಗಿನಲ್ಲಿ ಒರೆಸಿಕೊಂಡಳು.

"ನಿಮ್ಮ ರೂಲ್ಸೇ ಸರಿ. ಒಪ್ಕೊಂಡೆ. ಅದು ಅಲ್ಲೇ ಇರಬೇಕಾದ ನಾಯಿ."

"ರೂಲ್ಸ್ ಅಲ್ಲ, ಆ ಅಜ್ಜಿ ಸರಿ," ಎಂದ ಅವನು. "ಅದೇ ಗೋಡೆ ಒಳಗೆ ಬೇರೆ ಯಾರಾದ್ರೂ ಇದ್ದಿದ್ರೆ? ಇಷ್ಟು ವರ್ಷ ಗೋಡೆ ಅಳೆದೆ. ಮನುಷ್ಯರನ್ನ ಅಳೆಯೋಕೆ ಧೈರ್ಯ ಇರಲಿಲ್ಲ ನಂಗೆ."

ಅವರು ಆ ಐದಡಿ ಗೋಡೆಗೆ ಒರಗಿ ನಿಂತಿದ್ದರು. ಅವನು ಅದರ ಕಲ್ಲಿನ ಮೇಲೆ ಬೆರಳಾಡಿಸಿದ.

"ಅವತ್ತು ಇದನ್ನ ಮೂರು ಸಲ ಅಳೆದೆ. ಎಲ್ಲಾದ್ರೂ ಒಂದಂಗುಲ ಕಮ್ಮಿ ಇರಲಿ ದೇವರೇ ಅಂತ ಅಳೆದೆ. ಒಂದು ಬಿರುಕು, ಒಂದು ತೂತು ಸಿಗ್ಲಿ ಅಂತ ಸುತ್ತಿದೆ."

"ಯಾಕೆ?"

"ದಿಂಬು ಹೋದ್ರೆ ನೀವು ಭಾನುವಾರ ಬರಲ್ಲ ಅಂತ ಗೊತ್ತಿತ್ತು." ಅವನ ಕಿವಿ ತುದಿ ಮತ್ತೆ ಕೆಂಪಾಗುತ್ತಿತ್ತು, ಆದರೆ ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ. "ನಾಯಿಗಿಂತ ಹೆಚ್ಚು ನೀವು ಬೇಕಾಗಿತ್ತು ನಂಗೆ. ಹಾಗೆ ಅನ್ನಿಸಿದ್ದಕ್ಕೇ ನಾಯೀನ ನಿಮಗೆ ಕೊಡೋಕಾಗಲಿಲ್ಲ. ನ್ಯಾಯ ಅಲ್ಲ ಅನ್ನಿಸ್ತು."

ಒಂದು ಸೈಕಲ್ಲು ಗಂಟೆ ಬಾರಿಸುತ್ತ ಹಾದುಹೋಯಿತು. ಸೂಜಿಯ ಎದೆಯೊಳಗೆ ಯಾರೋ ಹೊಸ ಸ್ಪ್ರಿಂಗು ಕೂರಿಸಿದ ಹಾಗಿತ್ತು. ಹೌದು ಎಂದು ಹೇಳಲು ಬಾಯಿ ತೆರೆದವಳು, ಏನೋ ನೆನಪಾಗಿ ತಟ್ಟನೆ ಮುಚ್ಚಿಕೊಂಡಳು.

"ಸಿಬ್ಬಂದಿಯ ಸಂಬಂಧಿಕರಿಗೆ ನಾಯಿ ಕೊಡಲ್ಲ ಅಂತ ನಿಮ್ಮ ಹಲಗೆ ಮೇಲೆ ಇದೆ ಅಲ್ವಾ?"

ಇದೆ, ಎಂದ ಅವನು ಗೊಂದಲದಿಂದ. ಹಿಂದೆ ಯಾರೋ ಒಳ್ಳೆಯ ಮರಿಗಳನ್ನೆಲ್ಲ ತಮ್ಮ ಬೀಗರಿಗೇ ಹಂಚಿದ್ದರಿಂದ ಬಂದ ನಿಯಮ ಅದು.

"ಹಾಗಾದ್ರೆ ನಾನು ಈಗ ಉತ್ತರ ಕೊಡಲ್ಲ. ಉತ್ತರ ಕೊಟ್ರೆ ನಂಗೆ ಈ ಜನ್ಮದಲ್ಲಿ ನಾಯಿ ಸಿಗಲ್ಲ. ಮೊದಲು ನಾಯಿ, ಆಮೇಲೆ ನೀವು."

ಅವನಿಗೆ ಆ ಮಾತಿನ ಅರ್ಥ ಇಳಿಯಲು ಒಂದು ಕ್ಷಣ ಹಿಡಿಯಿತು. ಇಳಿದ ಮೇಲೆ ಅವನು ಗೋಡೆಗೆ ಆತು ನಕ್ಕ ನಗುವಿಗೆ, ಒಳಗಿನಿಂದ ರಾಜಕುಮಾರ ಎರಡು ಸಲ ಬೊಗಳಿದ.

ಅವನು ಅಕ್ಕನೊಡನೆ ಕೂತು ನಿಯಮಗಳ ಹಲಗೆಯನ್ನು ಅಳಿಸಿ ಮತ್ತೆ ಬರೆದ. ಗೋಡೆ ಹೋಯಿತು, ಸ್ವಂತ ಮನೆ ಹೋಯಿತು. ಬದಲಿಗೆ, ನಾಯಿ ಬೇಕೆನ್ನುವವರು ಭಾನುವಾರಗಳಂದು ಬಂದು ಆ ನಾಯಿಯ ಜೊತೆ ನಡೆಯಬೇಕು, ನಾಯಿ ತಾನಾಗಿ ಅವರ ಹಿಂದೆ ಹೊರಡುವವರೆಗೆ ಕಾಯಬೇಕು ಎಂದಾಯಿತು. ಕೊಡುವ ತೀರ್ಮಾನ ಅಕ್ಕನದ್ದು. ಸಂಬಂಧಿಕರ ನಿಯಮವನ್ನು ಮಾತ್ರ ಅಕ್ಕ ಬೇಕೆಂದೇ ಉಳಿಸಿದಳು. ತಮ್ಮ ಸ್ವಲ್ಪ ಕಾಯಲಿ, ಮೈಗೆ ಒಳ್ಳೆಯದು ಎಂದಳು.

ಆಗಷ್ಟೇ ಬಂದಿದ್ದ ಒಂದು ಕಪ್ಪು ಹೆಣ್ಣುನಾಯಿ ಇತ್ತು. ನೀರಿನ ಡ್ರಮ್ಮಿನ ಹಿಂದೆ ಅಡಗಿಕೊಂಡು ಯಾರ ಕೈಗೂ ಬರುತ್ತಿರಲಿಲ್ಲ. ಸೂಜಿ ಅದನ್ನೇ ಆರಿಸಿದಳು. ಮೊದಲ ಭಾನುವಾರ ಡ್ರಮ್ಮಿನ ಪಕ್ಕ ಸುಮ್ಮನೆ ಕೂತು ಬಂದಳು. ಆಮೇಲೊಂದು ವಾರ ಅದರ ಮೂಗು ಕಂಡಿತು, ಇನ್ನೊಂದು ವಾರ ಒಂದು ಕಾಲು. ಅವನು ದೂರದಲ್ಲಿ ನಿಂತು, ಪರಿಚಯವೇ ಇಲ್ಲದವನ ಹಾಗೆ ಬಹುವಚನದಲ್ಲಿ, ಹೇಗಿದ್ದೀರಿ, ನೀರು ಬೇಕೇ ಎಂದು ಕೇಳುತ್ತಿದ್ದ. ಅವಳು ಇನ್ನೂ ಹೆಚ್ಚಿನ ಗೌರವದಿಂದ, ತಮ್ಮ ದಯೆ, ಕೊಡಿ ಎನ್ನುತ್ತಿದ್ದಳು. ನೀರಿನ ಲೋಟ ಕೈ ಬದಲಾಯಿಸುವಾಗ ಬೆರಳುಗಳು ಮಾತ್ರ ಯಾವ ನಿಯಮವನ್ನೂ ಪಾಲಿಸುತ್ತಿರಲಿಲ್ಲ. ಅಕ್ಕ ಕಿಟಕಿಯಿಂದ ಕೆಮ್ಮುತ್ತಿದ್ದಳು.

ಒಂದು ಬೆಳಿಗ್ಗೆ ಸೂಜಿ ಎದ್ದು ಬಟ್ಟೆ ಕೊಡವಿ ಹೊರಟಾಗ, ಹಿಂದೆ ಪುಟ್ಟ ಹೆಜ್ಜೆಗಳ ಸದ್ದಾಯಿತು. ಅವಳು ತಿರುಗಿ ನೋಡಲಿಲ್ಲ. ನಡೆದಳು. ಸದ್ದೂ ನಡೆಯಿತು. ಕಚೇರಿಯ ಮೆಟ್ಟಿಲಿನವರೆಗೂ ಬಂತು, ಮೆಟ್ಟಿಲನ್ನೂ ಹತ್ತಿತು. ಅಕ್ಕ ಕಾಗದಕ್ಕೆ ಸಹಿ ಹಾಕಿ, ಹಗ್ಗವನ್ನು ಅವಳ ಕೈಗೆ ಕೊಟ್ಟಳು.

ಸೂಜಿ ನಾಯಿಯೊಂದಿಗೆ ಗೇಟು ದಾಟಿ ಹೊರಗೆ ನಿಂತಳು. ಅವನು ಒಳಗೆ, ಸರಳುಗಳನ್ನು ಹಿಡಿದು ನಿಂತಿದ್ದ.

"ಈಗ ಇದು ನಂದು ತಾನೇ?"

"ನಿಮ್ಮದೇ."

"ಯಾವ ರೂಲ್ಸ್ ಹೇಳಿಯೂ ಕಿತ್ಕೊಳ್ಳೋ ಹಾಗಿಲ್ಲ ತಾನೇ?"

"ಇಲ್ಲ."

ಅವಳು ಕೂದಲಿನಿಂದ ಜಾರುತ್ತಿದ್ದ ಪೆನ್ಸಿಲನ್ನು ಸರಿಮಾಡಿಕೊಂಡಳು.

"ಹಾಗಾದ್ರೆ ಬಾ," ಎಂದಳು.

ಬನ್ನಿ ಅಲ್ಲ, ಬಾ. ಇಷ್ಟು ತಿಂಗಳ ಬಹುವಚನವೆಲ್ಲ ಆ ಒಂದಕ್ಷರದಲ್ಲಿ ಕರಗಿಹೋಯಿತು. ಅವನು ಹಿಂದಿರುಗಿ ಅಕ್ಕನನ್ನು ನೋಡಿದ. ಇನ್ನೂ ಕೆಲಸದ ಹೊತ್ತು. ಅಕ್ಕ ಹೋಗೋ ಎನ್ನುವಂತೆ ಕೈಬೀಸಿ ಒಳಗೆ ನಡೆದಳು.

ಕಾಲುವೆಯ ದಂಡೆಯಲ್ಲಿ ಮೂವರೂ ನಡೆದರು. ಅವಳ ಬಲಗೈಯಲ್ಲಿ ಹಗ್ಗವಿತ್ತು. ಎಡಗೈಯ ಹೆಬ್ಬೆರಳಿನ ಚುಕ್ಕೆಗಳನ್ನು ಅವನು ತನ್ನ ಬೆರಳಿನಿಂದ ಒಂದೊಂದಾಗಿ ಮುಟ್ಟುತ್ತ ಬಂದ.

ಅಂಗಡಿಯ ಬಾಗಿಲಲ್ಲಿ ಅಪ್ಪ ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿಕೊಂಡ. ಕಪ್ಪು ನಾಯಿಯನ್ನು ನೋಡಿದ. ಮಗಳ ಕೈ ಹಿಡಿದಿದ್ದವನನ್ನು ನೋಡಿದ.

"ಒಂದು ತರ್ತೀನಿ ಅಂತ ತಾನೇ ಹೇಳಿ ಹೋಗಿದ್ದು?" ಎಂದು ಮಗಳನ್ನು ಕೇಳಿದ.

ಸೂಜಿ ನಕ್ಕಳು, ಈ ಸಲ ಬಾಯಿಗೆ ಕೈ ಅಡ್ಡ ಹಿಡಿಯದೆ. ಅಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ನಾಯಿ ಹೊಸಿಲನ್ನು ಎರಡು ಸಲ ಮೂಸಿ ನೋಡಿ, ಎಲ್ಲರಿಗಿಂತ ಮೊದಲು ಒಳಗೆ ಹೋಯಿತು.